ಸ್ಥಿರವಾದ ತೀರ್ಪು, ಬದಲಾದ ಶಿಕ್ಷೆ: ಗರ್ಭಪಾತ ಮತ್ತು ತುರ್ತು ಗರ್ಭನಿರೋಧಕಗಳ ಕುರಿತ ಕಥೋಲಿಕ ಬೋಧನೆಯ ಚಾರಿತ್ರಿಕ ಅವಲೋಕನ

ಗರ್ಭಪಾತದ ಕುರಿತು ಧರ್ಮಸಭೆಯ ಬೋಧನೆಯ ಚರಿತ್ರೆಯನ್ನು ಹೇಳುವವರಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಮೊದಲ ಬಗೆಯವರ ಪ್ರಕಾರ, ಧರ್ಮಸಭೆಯು ಆರಂಭದ ವಾರಗಳ ಗರ್ಭಪಾತವನ್ನು ಬಹುಕಾಲ ಸಹಿಸಿಕೊಂಡಿತ್ತು. 1869ರಲ್ಲಿ ಜಗದ್ಗುರು ಒಂಬತ್ತನೇ ಪಯಸ್ ಅವರು ಅದನ್ನು ಹಠಾತ್ತನೆ ಮಹಾಪಾಪವೆಂದು ಸಾರಿದರು. ಎರಡನೆಯ ಬಗೆಯವರ ಪ್ರಕಾರ, ಬೋಧನೆ, ಅದರ ತಾತ್ವಿಕ ವಿವರಣೆ, ವಿಧಿಸುವ ಶಿಕ್ಷೆ ಇವೆಲ್ಲವೂ ಪ್ರೇಷಿತರ ಕಾಲದಿಂದ ಕದಲದೆ ನಿಂತಿವೆ. ಆದುದರಿಂದ ತುರ್ತು ಮಾತ್ರೆ ನುಂಗಿದವಳಿಗೂ ಗರ್ಭ ತೆಗೆಸಿಕೊಂಡವಳಿಗೂ ಒಂದೇ ಬಹಿಷ್ಕಾರ. ಈ ಎರಡು ಹೇಳಿಕೆಗಳೂ ಆಕರಗಳ ಮುಂದೆ ನಿಲ್ಲುವುದಿಲ್ಲ. ಕೃತ್ಯವು ಪಾಪವೇ, ಭ್ರೂಣಕ್ಕೆ ಆತ್ಮವು ಯಾವಾಗ ಬರುತ್ತದೆ, ಪಾಪಕ್ಕೆ ಯಾವ ಶಿಕ್ಷೆ ಎಂಬ ಮೂರು ಪ್ರಶ್ನೆಗಳನ್ನು ಬಿಡಿಸಿ ನೋಡಿದಾಗ ಮಾತ್ರ ಚರಿತ್ರೆ ಸ್ಪಷ್ಟವಾಗುತ್ತದೆ. ಇದು ಕೇವಲ ಪಾಂಡಿತ್ಯದ ವಿಷಯವಲ್ಲ. ಈ ಮೂರನ್ನು ಕಲಸಿಬಿಟ್ಟ ಗುರುವು ಪಾಪನಿವೇದನೆಯ ಪೀಠದಲ್ಲಿ ಕುಳಿತರೆ, ಇಲ್ಲದ ಬಹಿಷ್ಕಾರವನ್ನು ಹೊರಿಸಿ ಒಂದು ಆತ್ಮವನ್ನು ದೂರ ಅಟ್ಟಬಲ್ಲನು. ಇರುವ ಪಾಪವನ್ನು ಹಗುರಗೊಳಿಸಿ ಇನ್ನೊಂದನ್ನು ವಂಚಿಸಬಲ್ಲನು.

ಆದಿಸಭೆಯ ಸಾಕ್ಷ್ಯ

ರೋಮನ್ ಸಮಾಜದಲ್ಲಿ ನವಜಾತ ಶಿಶುವನ್ನು ಬೀದಿಯಲ್ಲಿ ಬಿಟ್ಟುಬರುವುದೂ ಔಷಧದಿಂದ ಗರ್ಭವನ್ನು ಕಳೆಯುವುದೂ ಅಪರೂಪವಾಗಿರಲಿಲ್ಲ. ಹೊಸ ಒಡಂಬಡಿಕೆಯ ಕಾಲಕ್ಕೆ ಅತಿ ಸಮೀಪದ್ದಾದ 'ದಿದಾಖೆ' ಎಂಬ ಬೋಧನಾಗ್ರಂಥವು ಗರ್ಭಪಾತವನ್ನೂ ಶಿಶುಹತ್ಯೆಯನ್ನೂ ಅಕ್ಕಪಕ್ಕದಲ್ಲಿಟ್ಟು ನಿಷೇಧಿಸಿತು. ಸುಮಾರು 197ರಲ್ಲಿ ಕಾರ್ಥೇಜಿನ ತೆರ್ತುಲಿಯನ್ ತನ್ನ ಸಮರ್ಥನಾಗ್ರಂಥದಲ್ಲಿ, ಹುಟ್ಟನ್ನು ತಡೆಯುವುದು ಮುಂಚಿತವಾಗಿಯೇ ಮಾಡಿದ ಕೊಲೆಯೆಂದು ವಾದಿಸಿದನು. ಈ ತೀರ್ಪಿಗೆ ವಿರುದ್ಧವಾದ ಒಂದು ಮಾತೂ ಪಿತಾಮಹರ ಬರಹಗಳಲ್ಲಿ ನಮಗೆ ದೊರೆಯುವುದಿಲ್ಲ.

ಆದರೆ ಪ್ರಾಯಶ್ಚಿತ್ತದ ವಿಷಯದಲ್ಲಿ ಚಿತ್ರ ಬೇರೆ. 4ನೇ ಶತಮಾನದ ಆರಂಭದಲ್ಲಿ ಸ್ಪೇನಿನ ಎಲ್ವೀರಾ ಸಭೆಯು, ವ್ಯಭಿಚಾರದಿಂದ ಗರ್ಭಿಣಿಯಾಗಿ ಕೂಸನ್ನು ಕೊಂದವಳಿಗೆ ಸಾವಿನ ಹಾಸಿಗೆಯಲ್ಲೂ ಪರಮಪ್ರಸಾದವನ್ನು ಕೊಡಬಾರದೆಂದು ವಿಧಿಸಿತು. 314ರಲ್ಲಿ ಇಂದಿನ ಅಂಕಾರಾ ನಗರದಲ್ಲಿ ಕೂಡಿದ ಸಭೆಯ 21ನೇ ನಿಯಮವು, ಹಿಂದಿನವರು ಮರಣದವರೆಗೂ ಹೊರಗಿಡುತ್ತಿದ್ದರೆಂದು ಸ್ಮರಿಸಿ, ತಾನು ಇನ್ನಷ್ಟು ಮೃದುವಾಗಿ ಹತ್ತು ವರ್ಷಗಳ ಪ್ರಾಯಶ್ಚಿತ್ತವನ್ನು ಗೊತ್ತುಪಡಿಸುವುದಾಗಿ ಹೇಳಿತು. ಅದೇ ಶತಮಾನದ ಉತ್ತರಾರ್ಧದಲ್ಲಿ ಸಂತ ಬೆಸಿಲರು ಇಕೋನಿಯದ ಧರ್ಮಾಧ್ಯಕ್ಷ ಆಂಫಿಲೋಕಿಯಸರಿಗೆ ಬರೆದ ಪತ್ರದಲ್ಲಿ ಎರಡು ಮಾತುಗಳು ಒಟ್ಟಿಗೆ ಬರುತ್ತವೆ. ಭ್ರೂಣವು ರೂಪುಗೊಂಡಿದೆಯೋ ಇಲ್ಲವೋ ಎಂಬ ಸೂಕ್ಷ್ಮ ವಿಚಾರಣೆ ತಮ್ಮಲ್ಲಿಲ್ಲ, ಕೃತ್ಯವು ಕೊಲೆಯೇ ಎಂಬುದು ಮೊದಲನೆಯದು. ಆದರೂ ಅವಳನ್ನು ಸಾಯುವವರೆಗೆ ಹೊರಗಿಡಬಾರದು, ಗುಣವಾಗುವಿಕೆಯನ್ನು ಕಾಲದಿಂದಲ್ಲ, ಪಶ್ಚಾತ್ತಾಪದ ರೀತಿಯಿಂದ ಅಳೆಯಬೇಕು ಎಂಬುದು ಎರಡನೆಯದು. ತೀರ್ಪನ್ನು ಸಡಿಲಿಸದೆಯೇ ಬಾಗಿಲನ್ನು ತೆರೆದಿಡುವ ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು. ಮುಂದೆ ಅದು ಮತ್ತೆ ಎದುರಾಗುತ್ತದೆ.

ಆತ್ಮಪ್ರವೇಶದ ವಿವಾದ

ಬೆಸಿಲರು ಬದಿಗಿರಿಸಿದ ಸೂಕ್ಷ್ಮ ವಿಚಾರಣೆಯನ್ನು ಪಶ್ಚಿಮದ ಧರ್ಮಸಭೆಯು ಕೈಗೆತ್ತಿಕೊಂಡಿತು. ಅದಕ್ಕೆ ಮೂಲಗಳು ಎರಡು. ವಿಮೋಚನಕಾಂಡ 21:22-23ರ ಗ್ರೀಕ್ ಅನುವಾದವು, ಪೆಟ್ಟುಬಿದ್ದ ಗರ್ಭಿಣಿಯಿಂದ ಹೊರಬಂದ ಭ್ರೂಣವು ರೂಪುಗೊಂಡಿದ್ದರೆ ಪ್ರಾಣಕ್ಕೆ ಪ್ರಾಣವನ್ನೂ ಇಲ್ಲವಾದರೆ ದಂಡವನ್ನೂ ವಿಧಿಸುತ್ತದೆ. ಹೀಬ್ರೂ ಮೂಲದಲ್ಲಿ ಈ ಭೇದವಿಲ್ಲ. ಎರಡನೆಯದು ಗಂಡಿಗೆ ನಲವತ್ತು, ಹೆಣ್ಣಿಗೆ ತೊಂಬತ್ತು ದಿನಗಳೆಂಬ ಅರಿಸ್ಟಾಟಲನ ಜೀವಶಾಸ್ತ್ರ. ಸಂತ ಅಗಸ್ಟೀನರು ಈ ಭೇದವನ್ನು ಚರ್ಚಿಸಿದರು. ಸುಮಾರು 1140ರಲ್ಲಿ ಗ್ರೇಷಿಯನ್ನನ ಸಂಗ್ರಹವು ಅದನ್ನು ಧರ್ಮಸಭೆಯ ಕಾನೂನಿಗೆ ತಂದಿತು. ಸಂತ ಥಾಮಸ್ ಅಕ್ವಿನಾಸರು ವಿವೇಕಾತ್ಮವು ದೇಹವು ತಕ್ಕಷ್ಟು ರೂಪುಗೊಂಡ ಬಳಿಕವೇ ದೇವರಿಂದ ಬರುತ್ತದೆಂದು ಬೋಧಿಸಿದರು.

ಈ ಭೇದದಿಂದ ಏನನ್ನು ತೀರ್ಮಾನಿಸಬಹುದು, ಏನನ್ನು ತೀರ್ಮಾನಿಸಲಾಗದು? ಆತ್ಮಪ್ರವೇಶಕ್ಕೆ ಮುಂಚಿನ ಗರ್ಭಪಾತಕ್ಕೆ ನರಹತ್ಯೆಯ ದಂಡನೆ ತಗಲದು ಎಂಬುದಷ್ಟೇ ಅಂದಿನ ಕಾನೂನಿನ ತೀರ್ಮಾನ. ಅದು ಪಾಪವಲ್ಲವೆಂದು ಅಗಸ್ಟೀನರಾಗಲಿ ಅಕ್ವಿನಾಸರಾಗಲಿ ಎಲ್ಲಿಯೂ ಹೇಳಲಿಲ್ಲ. ಅಪರಾಧದ ವರ್ಗೀಕರಣವನ್ನು ನೈತಿಕ ಅನುಮತಿಯೆಂದು ಓದುವುದೇ ಮೊದಲ ಬಗೆಯವರ ತಪ್ಪು.

ಎರಡು ವರ್ಷ ಏಳು ತಿಂಗಳ ಪ್ರಯೋಗ

1588ರ ಅಕ್ಟೋಬರಿನಲ್ಲಿ ಜಗದ್ಗುರು ಐದನೇ ಸಿಕ್ಸ್ತಸ್ ಅವರು 'ಎಫ್ರೆನಾತಂ' ಎಂಬ ಆಜ್ಞಾಪತ್ರದ ಮೂಲಕ ಈ ಭೇದವನ್ನು ತೊಡೆದುಹಾಕಿದರು. ಗರ್ಭವು ಯಾವ ಹಂತದಲ್ಲಿದ್ದರೂ ಕೊಲೆಗಾರರ ದಂಡನೆ. ಬಂಜೆತನ ತರುವ ಮದ್ದು ಕೊಟ್ಟವರಿಗೂ ಅದೇ. ಮರಣಾಪಾಯದ ಹೊರತು ಪಾಪಕ್ಷಮೆಯು ರೋಮಿನ ಪವಿತ್ರ ಪೀಠಕ್ಕೆ ಮಾತ್ರ ಮೀಸಲು. ದೂರದ ಹಳ್ಳಿಯ ಬಡ ಹೆಣ್ಣೊಬ್ಬಳಿಗೆ ಇದರ ಅರ್ಥವೇನಾಗಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. 1591ರ ಮೇ ತಿಂಗಳಲ್ಲಿ ಹದಿನಾಲ್ಕನೇ ಗ್ರೆಗೊರಿ ಅವರು, ಎದುರುನೋಡಿದ ಫಲವು ದೊರೆಯಲಿಲ್ಲವೆಂದು ಒಪ್ಪಿ, ಹಳೆಯ ಭೇದವನ್ನು ಪುನಃಸ್ಥಾಪಿಸಿದರು. ಆತ್ಮಪ್ರವೇಶವಾದ ಭ್ರೂಣದ ವಿಷಯದಲ್ಲಿ ಬಹಿಷ್ಕಾರ ಉಳಿಯಿತು. ಆದರೆ ಧರ್ಮಾಧ್ಯಕ್ಷರು ನೇಮಿಸಿದ ಸ್ಥಳೀಯ ಗುರುಗಳೇ ಅದನ್ನು ಬಿಡಿಸಬಹುದಾಯಿತು. ಗ್ರೆಗೊರಿಯವರು ಬದಲಾಯಿಸಿದ್ದು ಶಿಕ್ಷೆಯನ್ನು, ತೀರ್ಪನ್ನಲ್ಲ.

ಇದಕ್ಕೆ ಸಾಕ್ಷಿ 1679ರ ಮಾರ್ಚ್ 2ರಂದು ಹನ್ನೊಂದನೇ ಇನ್ನೊಸೆಂಟ್ ಅವರ ಆಳ್ವಿಕೆಯಲ್ಲಿ ಖಂಡಿಸಲಾದ ಅರುವತ್ತೈದು ಪ್ರತಿಪಾದನೆಗಳು. ಗರ್ಭಿಣಿಯೆಂದು ತಿಳಿದರೆ ಕೊಲ್ಲಲ್ಪಡುವ ಅಥವಾ ಮಾನಗೆಡುವ ಭಯವಿರುವ ಹುಡುಗಿಯು ಆತ್ಮಪ್ರವೇಶಕ್ಕೆ ಮುಂಚೆ ಗರ್ಭಪಾತ ಮಾಡಿಸಿಕೊಳ್ಳಬಹುದು ಎಂಬುದು ಅವುಗಳಲ್ಲಿ 34ನೆಯದು. ಅದನ್ನು ಖಂಡಿಸುವಾಗ, ಆತ್ಮವಿಲ್ಲದ ಭ್ರೂಣವೂ ಮುಟ್ಟಬಾರದ್ದೆಂದು ಧರ್ಮಸಭೆಯು ಹೇಳಿದಂತಾಯಿತು. ಆದರೆ ಆ ಪ್ರತಿಪಾದನೆಯ ಹಿಂದಿರುವ ಹುಡುಗಿಯನ್ನು ನಾವು ಕಾಣದೆ ಹೋಗಬಾರದು. ಮನೆಯವರ ಕೈಯಿಂದಲೇ ಸಾವು ಬಂದೀತೆಂದು ನಡುಗುವ ಹೆಣ್ಣುಮಕ್ಕಳು ನಮ್ಮ ನಾಡಿನಲ್ಲಿ ಇಂದಿಗೂ ಇದ್ದಾರೆ. ಅವಳಿಗೆ ಬೇಡವೆಂದು ಹೇಳುವ ಸಭೆಯು ಅವಳಿಗೊಂದು ಆಶ್ರಯವನ್ನೂ ಕೊಡಬೇಕು. ಇಲ್ಲವಾದರೆ ಖಂಡನೆ ಮಾತ್ರ ಉಳಿದು ಧರ್ಮ ಅಪೂರ್ಣವಾಗುತ್ತದೆ.

1827ರಲ್ಲಿ ಕಾರ್ಲ್ ಅರ್ನ್ಸ್ಟ್ ಫಾನ್ ಬೇರ್ ಸಸ್ತನಿಗಳ ಅಂಡಾಣುವನ್ನು ಕಂಡುಹಿಡಿದ ಮೇಲೆ ಅರಿಸ್ಟಾಟಲನ ದಿನಗಣನೆಗೆ ಆಧಾರ ಉಳಿಯಲಿಲ್ಲ. 1869ರಲ್ಲಿ ಒಂಬತ್ತನೇ ಪಯಸ್ ಅವರು ಶಿಕ್ಷೆಗಳನ್ನು ಪರಿಷ್ಕರಿಸುವಾಗ ಹಳೆಯ ಭೇದವನ್ನು ಕೈಬಿಟ್ಟರು. 1917ರ ಸಂಹಿತೆಯು ತಾಯಿಯೂ ಬಹಿಷ್ಕಾರಕ್ಕೆ ಹೊರತಲ್ಲವೆಂದು ಸ್ಪಷ್ಟಪಡಿಸಿತು. ಆದರೂ ಆತ್ಮಪ್ರವೇಶದ ಕ್ಷಣವನ್ನು ಧರ್ಮಸಭೆಯು ಇಂದಿಗೂ ವ್ಯಾಖ್ಯಾನಿಸಿಲ್ಲ. 1974ರ ವ್ಯಾಟಿಕನ್ ಘೋಷಣೆಯು ಆ ಪ್ರಶ್ನೆಯನ್ನು ಉದ್ದೇಶಪೂರ್ವಕವಾಗಿ ಬದಿಗಿಟ್ಟು, ಮನುಷ್ಯನಿರಬಹುದೆಂಬ ಸಂದೇಹವಿದ್ದಾಗ ಕೊಲ್ಲಲು ಮುಂದಾಗುವುದೇ ಘೋರ ಪಾಪವೆಂದಿತು. 1995ರ 'ಎವಾಂಜೆಲಿಯುಂ ವೀತೆ' ಎಂಬ ವಿಶ್ವಪತ್ರವೂ ಇದೇ ದಾರಿಯಲ್ಲಿ ನಡೆಯಿತು.

ತುರ್ತು ಮಾತ್ರೆ: ಬೇರೆಯೇ ಪ್ರಶ್ನೆ

ತುರ್ತು ಗರ್ಭನಿರೋಧಕದ ಚರ್ಚೆಯು ಬೇರೊಂದು ಮೂಲದಿಂದ ಹೊರಟಿತು. 1961ರಲ್ಲಿ, ಕಾಂಗೋದಲ್ಲಿ ಕನ್ಯಾಸ್ತ್ರೀಯರು ಅತ್ಯಾಚಾರದ ಅಪಾಯದಲ್ಲಿದ್ದ ಹಿನ್ನೆಲೆಯಲ್ಲಿ, ರೋಮಿನ ಮೂವರು ನೀತಿಶಾಸ್ತ್ರಜ್ಞರು ಅಂಥವರು ಅಂಡಾಣುವಿನ ಬಿಡುಗಡೆಯನ್ನು ತಡೆಯುವ ಔಷಧವನ್ನು ಮುಂಚಿತವಾಗಿ ಸೇವಿಸಬಹುದೆಂದು ವಾದಿಸಿದರು. 1968ರ 'ಹುಮಾನೆ ವೀತೆ' ನಿಷೇಧಿಸಿದ್ದು ದಾಂಪತ್ಯದ ಮಿಲನವನ್ನು ಸಂತಾನಶಕ್ತಿಯಿಂದ ಬೇರ್ಪಡಿಸುವುದನ್ನು. ಅತ್ಯಾಚಾರವು ದಾಂಪತ್ಯದ ಮಿಲನವಲ್ಲ, ಆಕ್ರಮಣ. ಅದರ ಫಲವನ್ನು ಫಲೀಕರಣಕ್ಕೆ ಮುಂಚೆ ತಡೆಯುವುದು ಆತ್ಮರಕ್ಷಣೆ. ಆದರೆ ಫಲೀಕರಣವಾದ ಬಳಿಕ ಅಲ್ಲಿ ಮೂರನೆಯ ಜೀವವೊಂದಿದೆ, ಅದು ಆಕ್ರಮಣಕಾರನಲ್ಲ. ಆದ್ದರಿಂದ ಇಲ್ಲಿ ಎಲ್ಲವೂ ನಿಂತಿರುವುದು ಒಂದು ವಾಸ್ತವಾಂಶದ ಮೇಲೆ: ಮಾತ್ರೆಯು ಏನು ಮಾಡುತ್ತದೆ?

2000ದಲ್ಲಿ ಜೀವಕ್ಕಾಗಿನ ಪೊಂಟಿಫಿಕಲ್ ಅಕಾಡೆಮಿಯು, ಈ ಮಾತ್ರೆಯು ಭ್ರೂಣವು ಗರ್ಭಕೋಶಕ್ಕೆ ಅಂಟಿಕೊಳ್ಳುವುದನ್ನು ತಡೆಯುತ್ತದೆಂದು ಗ್ರಹಿಸಿ, ಅದನ್ನು ಗರ್ಭಪಾತವೆಂದೇ ಕರೆಯಿತು. 2008ರ 'ದಿಗ್ನಿತಾಸ್ ಪೆರ್ಸೋನೆ' ಎಂಬ ವ್ಯಾಟಿಕನ್ ಸೂಚನೆಯು ಇಂಥ ತಡೆಯನ್ನು ಗರ್ಭಪಾತದ ಪಾಪದೊಳಗೆ ಸೇರಿಸಿದರೂ, ಕಾನೂನಿನ ದಂಡನೆಯನ್ನು ಗರ್ಭಪಾತವು ಖಚಿತವಾಗಿ ಸಂಭವಿಸಿದ ಸಂದರ್ಭಕ್ಕೆ ಸೀಮಿತಗೊಳಿಸಿತು. ಈ ನಡುವೆ ಲೆವೊನೊರ್ಜೆಸ್ಟ್ರೆಲ್ ಮಾತ್ರೆಯು ಮುಖ್ಯವಾಗಿ ಅಂಡಾಣುವಿನ ಬಿಡುಗಡೆಯನ್ನು ತಡಮಾಡುತ್ತದೆಂದು ಅನೇಕ ಅಧ್ಯಯನಗಳು ತೋರಿದವು. ಕೆಲವು ಕಥೋಲಿಕ ವೈದ್ಯರು ಇದನ್ನು ಇಂದಿಗೂ ಪ್ರಶ್ನಿಸುತ್ತಾರೆ. ಅಮೆರಿಕದ ಧರ್ಮಾಧ್ಯಕ್ಷರ ಆಸ್ಪತ್ರೆ ನಿರ್ದೇಶನಗಳ 36ನೇ ಅಂಶವು, ತಕ್ಕ ಪರೀಕ್ಷೆಯ ಬಳಿಕ ಗರ್ಭಧಾರಣೆಯ ಕುರುಹು ಇಲ್ಲದಿದ್ದರೆ ಅತ್ಯಾಚಾರಕ್ಕೊಳಗಾದವಳಿಗೆ ಫಲೀಕರಣವನ್ನು ತಡೆಯುವ ಔಷಧ ಕೊಡಬಹುದೆನ್ನುತ್ತದೆ. 2012ರ ಕೊನೆಯಲ್ಲಿ ಜರ್ಮನಿಯ ಕಲೋನ್‌ನಲ್ಲಿ ಅತ್ಯಾಚಾರಕ್ಕೊಳಗಾದ ಯುವತಿಯೊಬ್ಬಳನ್ನು ಎರಡು ಕಥೋಲಿಕ ಆಸ್ಪತ್ರೆಗಳು ಹಿಂದಕ್ಕೆ ಕಳುಹಿಸಿದಾಗ ಕಾರ್ಡಿನಲ್ ಮೈಸ್ನರ್ ಕ್ಷಮೆ ಕೋರಿದರು. ಫಲೀಕರಣವನ್ನು ತಡೆಯುವ ಉದ್ದೇಶದ ಮಾತ್ರೆಯು ಅತ್ಯಾಚಾರದ ಸಂದರ್ಭದಲ್ಲಿ ಸಮ್ಮತವೆಂದರು. 2013ರ ಫೆಬ್ರವರಿಯಲ್ಲಿ ಟ್ರಿಯರ್‌ನಲ್ಲಿ ಸೇರಿದ ಜರ್ಮನ್ ಧರ್ಮಾಧ್ಯಕ್ಷರು ಇದನ್ನೇ ಅನುಮೋದಿಸಿದರು. ತತ್ವವು 1961ರದ್ದೇ, ಬದಲಾದದ್ದು ಔಷಧದ ಕುರಿತ ತಿಳುವಳಿಕೆ.

ನಮ್ಮ ಪಾಪನಿವೇದನೆಯ ಪೀಠದಲ್ಲಿ

ಭಾರತದಲ್ಲಿ 1971ರ ಕಾಯಿದೆಯು ಗರ್ಭಪಾತಕ್ಕೆ ಅವಕಾಶ ಕಲ್ಪಿಸಿತು. 2005ರಿಂದ ತುರ್ತು ಮಾತ್ರೆಯು ವೈದ್ಯರ ಚೀಟಿಯಿಲ್ಲದೆ ಔಷಧದಂಗಡಿಯಲ್ಲಿ ದೊರೆಯುತ್ತಿದೆ. ಹೀಗಾಗಿ ನಮ್ಮ ಧರ್ಮಕೇಂದ್ರಗಳಲ್ಲಿ 'ಮಾತ್ರೆ ತಗೊಂಡೆ' ಎಂಬ ಒಂದೇ ಮಾತಿಗೆ ಎರಡು ಅರ್ಥಗಳಿವೆ. ಮಿಲನದ ಬಳಿಕ ಮೂರು ದಿನಗಳೊಳಗೆ ನುಂಗುವ ಲೆವೊನೊರ್ಜೆಸ್ಟ್ರೆಲ್ ಒಂದು. ಬೆಳೆಯುತ್ತಿರುವ ಗರ್ಭವನ್ನು ಕೊನೆಗೊಳಿಸುವ ಮಿಫೆಪ್ರಿಸ್ಟೋನ್ ಮತ್ತು ಮಿಸೊಪ್ರೊಸ್ಟಾಲ್ ಇನ್ನೊಂದು. ಮೊದಲನೆಯದು ನೆಲೆಗೊಂಡ ಗರ್ಭವನ್ನು ಕಳೆಯಲಾರದು. ಈ ವ್ಯತ್ಯಾಸವನ್ನರಿಯದ ಗುರುವು ತೀರ್ಪು ಕೊಡಲಾರನು.

ಬಹಿಷ್ಕಾರದ ನಿಯಮವು ಇಂದು ಸಂಹಿತೆಯ 1397ನೇ ನಿಯಮದ ಎರಡನೇ ಪರಿಚ್ಛೇದದಲ್ಲಿದೆ. ಗರ್ಭಪಾತವು ನಿಜವಾಗಿ ಸಂಭವಿಸಿದ್ದರೆ ಮಾತ್ರ ಅದು ತಗಲುತ್ತದೆ. ದಂಡನೆಯ ನಿಯಮಗಳನ್ನು ಸಂಕುಚಿತವಾಗಿಯೇ ಅರ್ಥೈಸಬೇಕೆಂಬುದು 18ನೇ ನಿಯಮ. ಅಂದಮೇಲೆ ಫಲವೇ ಅನಿಶ್ಚಿತವಾದ ತುರ್ತು ಮಾತ್ರೆಗೆ ಬಹಿಷ್ಕಾರವಿಲ್ಲ. ಉದ್ದೇಶದ ಪಾಪವನ್ನು ಮಾತ್ರ ಪಾಪವಾಗಿಯೇ ವಿಚಾರಿಸಬೇಕು. ಖಚಿತ ಗರ್ಭಪಾತದಲ್ಲಿಯೂ, 1323 ಮತ್ತು 1324ನೇ ನಿಯಮಗಳ ಪ್ರಕಾರ ಹದಿನೆಂಟು ತುಂಬದವಳಿಗೆ, ಗಂಭೀರ ಭಯದ ಒತ್ತಡಕ್ಕೆ ಸಿಕ್ಕವಳಿಗೆ, ದಂಡನೆಯಿದೆಯೆಂಬುದನ್ನೇ ತನ್ನ ತಪ್ಪಿಲ್ಲದೆ ಅರಿಯದವಳಿಗೆ ಅದು ತಾನಾಗಿ ತಗಲುವುದಿಲ್ಲ. 34ನೇ ಪ್ರತಿಪಾದನೆಯ ಹುಡುಗಿಯಂಥವರನ್ನು ಕಾನೂನು ಇಂದು ಹೀಗೆ ನೆನೆಯುತ್ತದೆ. ಅವಳನ್ನು ಗಂಡನೋ ಅತ್ತೆಯೋ ತಂದೆಯೋ ಆಸ್ಪತ್ರೆಗೆ ಎಳೆದೊಯ್ದಿದ್ದರೆ, ಆ ದಂಡನೆಯ ಭಾರ ಹೊರಬೇಕಾದವರು ಬಹುಶಃ ಪಾಪನಿವೇದನೆಗೆ ಬಂದೇ ಇರುವುದಿಲ್ಲ.

2016ರ ನವೆಂಬರ್ 20ರಂದು ಜಗದ್ಗುರು ಫ್ರಾನ್ಸಿಸ್ ಅವರು ಗರ್ಭಪಾತದ ಪಾಪವನ್ನು ಕ್ಷಮಿಸುವ ಅಧಿಕಾರವನ್ನು ಎಲ್ಲ ಗುರುಗಳಿಗೂ ಶಾಶ್ವತವಾಗಿ ವಿಸ್ತರಿಸಿದರು. ಅದೇ ಪತ್ರದಲ್ಲಿ ಅದು ಘೋರ ಪಾಪವೆಂಬುದನ್ನೂ ಪುನರುಚ್ಚರಿಸಿದರು. ಇದನ್ನು ಕೆಲವರು ಹೊಸತನವೆಂದು ಮೆಚ್ಚಿದರು, ಕೆಲವರು ಸಡಿಲಿಕೆಯೆಂದು ಗೊಣಗಿದರು. ಅಂಕಾರಾದ ಸಭೆಯನ್ನೂ ಬೆಸಿಲರ ಪತ್ರವನ್ನೂ ಹದಿನಾಲ್ಕನೇ ಗ್ರೆಗೊರಿಯವರ ಆಜ್ಞೆಯನ್ನೂ ಬಲ್ಲವರಿಗೆ ಅದು ಹಳೆಯ ದಾರಿಯ ಮುಂದುವರಿಕೆಯಾಗಿ ಕಾಣುತ್ತದೆ. ಆ ಅಧಿಕಾರವೀಗ ನಮ್ಮ ನಾಡಿನ ಅತಿ ಚಿಕ್ಕ ಧರ್ಮಕೇಂದ್ರದ ಗುರುವಿನ ಕೈಯಲ್ಲಿಯೂ ಇದೆ. ಅದನ್ನು ಬಳಸುವ ಮೊದಲು ಕೇಳಬೇಕಾದ ಪ್ರಶ್ನೆಗಳನ್ನು ಮೃದುವಾಗಿ, ಸರಿಯಾದ ಕ್ರಮದಲ್ಲಿ ಕೇಳಲು ಕಲಿಯುವುದು ಗುರುಮಠದಲ್ಲಿರುವಾಗಲೇ ಆಗಬೇಕಾದ ಕೆಲಸ.