ಬೆಂಗಳೂರು ನೀಲಿಯ ವೃತ್ತಾಂತ

ಅಜ್ಜಂಪುರದ ಕಾವಲುಗಳಲ್ಲಿ ಮೇಯ್ದು ಬೆಳೆದ ರಾಸುಗಳ ಹೆಸರಿಗೆ ಎರಡು ಪ್ರಭುತ್ವಗಳ ಮುದ್ರೆಯಿದೆ. ಚಿಕ್ಕದೇವರಾಜ ಒಡೆಯರು ‘ಬೆಣ್ಣೆ ಚಾವಡಿ’ ಎಂದು ಕರೆದ ರಾಸುಗಳ ಇಲಾಖೆಯನ್ನು ಟಿಪ್ಪು ಸುಲ್ತಾನ್ ‘ಅಮೃತ ಮಹಲ್’ ಎಂದು ಕರೆದ. ಆ ಹೆಸರೇ ನಿಂತಿತು. ಕಡೂರು, ತರೀಕೆರೆ ಸೀಮೆಯ ಜನ ಬಲ್ಲ ಚರಿತ್ರೆಯಿದು. ಇದೇ ಮೈಸೂರು ಸಂಸ್ಥಾನದ ಮೂಡಣ ಮಗ್ಗುಲಲ್ಲಿ ಒಂದು ದ್ರಾಕ್ಷಿ ಬಳ್ಳಿಗೂ ಮರುನಾಮಕರಣವಾಯಿತು. ಅದಕ್ಕೆ ಯಾವ ಅರಸನ ಅಪ್ಪಣೆಯೂ ಇರಲಿಲ್ಲ.

ಬಳ್ಳಿಯ ತವರು ಅಮೆರಿಕ. ಅಲ್ಲಿನ ಕಾಡುದ್ರಾಕ್ಷಿಗೂ ಯೂರೋಪಿನ ತೋಟದ ದ್ರಾಕ್ಷಿಗೂ ಹುಟ್ಟಿದ ಕುಡಿ ಅದು. ನ್ಯೂಯಾರ್ಕಿನ ಫ್ಲಶಿಂಗ್‌ನಲ್ಲಿ ಸಸ್ಯಪಾಲನೆ ನಡೆಸುತ್ತಿದ್ದ ವಿಲಿಯಂ ಪ್ರಿನ್ಸ್, ಬ್ರೂಕ್ಲಿನ್‌ನ ಜಾರ್ಜ್ ಗಿಬ್ಸ್‌ನ ತೋಟದಿಂದ ಅದನ್ನು ಪಡೆದು, 1816ರ ಸುಮಾರಿಗೆ ಆ ಮನೆಯೊಡತಿ ಇಸಾಬೆಲ್ಲಾಳ ಹೆಸರಿಟ್ಟು ಪ್ರಚುರಪಡಿಸಿದ. ಆಮೇಲೆ ಬಳ್ಳಿ ಕಡಲುಗಳನ್ನು ದಾಟಿತು. ಇಟಲಿಯವರು ಅದರ ಪರಿಮಳಕ್ಕೆ ಮನಸೋತು ಸ್ಟ್ರಾಬೆರಿ ದ್ರಾಕ್ಷಿ ಎಂದರು. ಜಾರ್ಜಿಯಾದವರು ಒಡೆಸ್ಸಾ ಎಂದರು. ಫ್ರಾನ್ಸ್ ಮಾತ್ರ 1934ರ ಕಾಯಿದೆಯಲ್ಲಿ ಇದನ್ನೂ ಇಂಥ ಇನ್ನೈದು ತಳಿಗಳನ್ನೂ ನಿಷೇಧದ ಪಟ್ಟಿಗೆ ಸೇರಿಸಿತು.

ಹೊರನಾಡಿನಲ್ಲಿ ತಿರಸ್ಕಾರ ಕಂಡ ಬಳ್ಳಿಗೆ ನಮ್ಮ ಕೆಂಪು ನೆಲ ಅದಕ್ಕೂ ಬಹಳ ಮೊದಲೇ ಆಶ್ರಯ ಕೊಟ್ಟಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಬೆಂಗಳೂರಿನ ಸುತ್ತ ಬೇರೂರಿದ ಅದು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರದ ರೈತರ ಚಪ್ಪರಗಳನ್ನು ಏರಿತು. ಮಳೆಗೆ ಬೇಗ ಜಗ್ಗದ ಗಟ್ಟಿ ಜೀವ. ವರ್ಷಕ್ಕೆ ಎರಡು ಫಸಲು ಕೊಟ್ಟಿತು. ದಪ್ಪ ಸಿಪ್ಪೆ, ಒಳಗೆ ಲೋಳೆಯಂಥ ತಿರುಳು, ಬೀಜ, ಹುಳಿಸಿಹಿ ರಸ, ಬುಟ್ಟಿ ಇಳಿಸಿದೊಡನೆ ಮನೆ ತುಂಬುವ ಘಮ: ಸೋನಾಕ, ಥಾಮ್ಸನ್ ದ್ರಾಕ್ಷಿ ತಿಂದು ಬೆಳೆದ ಮಕ್ಕಳಿಗೆ ಈ ರುಚಿಯನ್ನು ತೋರಿಸಲೇಬೇಕೆಂದು ನನಗೆ ಆಸೆ. ಜ್ಯೂಸಿನ ಅಂಗಡಿಗಳು ಅದನ್ನು ನೆಚ್ಚಿದವು. ಬೆಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್‌ಗೆ ಮುನ್ನ ಭರಣಿಗಳಲ್ಲಿ ಹುದುಗಿದ್ದೂ ಇದೇ ಹಣ್ಣು. ಇಸಾಬೆಲ್ಲಾ ಎಂಬ ಹೆಸರು ಸಂತೆಯಲ್ಲಿ ಉಳಿಯಲಿಲ್ಲ. ಹಣ್ಣು ಬೆಂಗಳೂರು ನೀಲಿಯಾಯಿತು.

ರಾಜ್ಯ ಸರ್ಕಾರ 2007ರಲ್ಲಿ ದ್ರಾಕ್ಷಾರಸ ನೀತಿಯನ್ನು ತಂದಿತು. ನಂದಿಬೆಟ್ಟದ ತಪ್ಪಲಲ್ಲಿ ಅದಕ್ಕೂ ಮೊದಲೇ ಫ್ರಾನ್ಸಿನ ತಳಿಗಳು ನೆಲೆಯೂರಿದ್ದವು; ಒಳ್ಳೆಯ ವೈನಿನ ಗೌರವ ಅವುಗಳ ಪಾಲಾಯಿತು, ನೀಲಿಗೆ ದಕ್ಕಿದ್ದು ಅಗ್ಗದ ಪೋರ್ಟ್ ವೈನಿನ ಬಾಟಲಿ. ಇದು ನ್ಯಾಯವಲ್ಲ. 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ತೆರೆಯಿತು. ನೆಲದ ಬೆಲೆ ಏರಿತು, ಚಪ್ಪರಗಳಿದ್ದ ಎಷ್ಟೋ ಹೊಲಗಳು ನಿವೇಶನಗಳಾದವು. ಅಂಥ ಹೊತ್ತಿನಲ್ಲೇ, 2013ರಲ್ಲಿ, ಬೆಂಗಳೂರು ನೀಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಬ್ರೂಕ್ಲಿನ್‌ನ ಬಳ್ಳಿ ಕಾನೂನಿನ ಕಡತದಲ್ಲೂ ಕನ್ನಡ ನಾಡಿನದಾಯಿತು.