ಏಳು ಚುಕ್ಕೆಯ ಜಿರಲೆ, ಆರು ಚುಕ್ಕೆಯ ಜೀರುಂಡೆ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಸೀಮೆಯಂತೆ ಮಳೆ ಕಡಮೆಯಾದ ದಕ್ಷಿಣ ಭಾರತದ ಕುರುಚಲು ಭೂಮಿಯಲ್ಲಿ ಎರಡು ಹುಳುಗಳುಂಟು. ಎರಡೂ ಕಪ್ಪು, ಎರಡರ ಬೆನ್ನಿನ ಮೇಲೂ ದೊಡ್ಡ ಬಿಳಿಯ ಚುಕ್ಕೆಗಳು. ಆರು ಚುಕ್ಕೆಯದು ನೆಲದ ಜೀರುಂಡೆ. ಏಳು ಚುಕ್ಕೆಯದು ಜಿರಲೆ. ಚುಕ್ಕೆಗಳನ್ನೆಣಿಸಿದರಾಯಿತಲ್ಲ ಎಂದು ವಾಚಕರು ಹೇಳಬಹುದು. ಆದರೆ ಮಹಾಪಂಡಿತನೊಬ್ಬನ ಕಣ್ಣೇ ಇಲ್ಲಿ ಎಡವಿತು.

ಲಂಡನ್ನಿನಲ್ಲಿ ಔಷಧವ್ಯಾಪಾರಿಯಾಗಿದ್ದು 1718ರಲ್ಲಿ ತೀರಿಕೊಂಡ ಜೇಮ್ಸ್ ಪೆಟಿವರನು ದೇಶದೇಶಗಳ ಗಿಡ, ಹುಳು, ಚಿಪ್ಪುಗಳನ್ನು ಕೂಡಿಹಾಕಿ, ಅವುಗಳ ವರ್ಣನೆಯನ್ನೂ ಚಿತ್ರಗಳನ್ನೂ ಅಚ್ಚು ಮಾಡಿಸಿದನು. ಮದರಾಸಿನ ಕೋಟೆಯ ವೈದ್ಯನಾಗಿದ್ದ ಸ್ಯಾಮ್ಯುಯೆಲ್ ಬ್ರೌನನು ಅವನಿಗೆ ವಸ್ತುಗಳನ್ನು ಕಳುಹಿಸುತ್ತಿದ್ದವರಲ್ಲೊಬ್ಬನು. ಸ್ವೀಡನ್ ದೇಶದ ಲಿನೇಯಸನು 1758ರಲ್ಲಿ ಏಳು ಚುಕ್ಕೆಯ ಹುಳುವಿಗೆ ಪೆಟಿವರನ ಹೆಸರನ್ನಿಟ್ಟನು. ಅದು ಸರಿಯೇ, ಆದರೆ ಅದನ್ನು ಸೇರಿಸಿದ್ದು ಕ್ಯಾಸಿಡವೆಂಬ ಜೀರುಂಡೆಗಳ ಕುಲಕ್ಕೆ! ಇಂದು ಅದು ಥೇರಿಯ ಪೆಟಿವೆರಿಯಾನವೆಂಬ ಹೆಸರಿನಿಂದ ಜಿರಲೆಗಳ ಸಾಲಿನಲ್ಲಿದೆ. ನಿಜವಾದ ಜೀರುಂಡೆಗೆ ಹೆಸರಿಟ್ಟವನು ಲಿನೇಯಸನ ಶಿಷ್ಯ ಫ್ಯಾಬ್ರಿಸಿಯಸನು, 1775ರಲ್ಲಿ. ಆಂಥಿಯ ಸೆಕ್ಸ್‌ಗುಟ್ಟಾಟವೆಂಬ ಈಗಿನ ಹೆಸರಿನ ಉತ್ತರಭಾಗಕ್ಕೆ ಆರು ಹನಿಗಳುಳ್ಳದ್ದೆಂದು ಅರ್ಥ.

ಭೇದವನ್ನು ಬೆನ್ನಿನ ನಡುವೆಯೇ ನೋಡಬೇಕು. ಜೀರುಂಡೆಯ ಗಡಸಾದ ಮೇಲ್ರೆಕ್ಕೆಗಳೆರಡೂ ನೇರವಾದ ಒಂದೇ ಗೆರೆಯಲ್ಲಿ ಕೂಡುತ್ತವೆ. ಈ ಜಾತಿಯಲ್ಲಂತೂ ಬೆಸೆದುಕೊಂಡಿರುವುದರಿಂದ ಅದು ಹಾರಲಾರದು. ಜಿರಲೆಯ ಎಡರೆಕ್ಕೆಯಾದರೋ ಅಂಗರಖೆಯ ಪದರಿನಂತೆ ಬಲರೆಕ್ಕೆಯ ಮೇಲೆ ಹೊದ್ದಿರುತ್ತದೆ. ಎಡದಲ್ಲಿ ನಾಲ್ಕು ಚುಕ್ಕೆ, ಬಲದಲ್ಲಿ ಮೂರು; ಸಂಖ್ಯೆ ಬೆಸವಾದುದರ ಗುಟ್ಟು ಇದೇ. ಜೀರುಂಡೆಯ ತಲೆ ಮುಂಚಾಚಿ ದವಡೆಗಳು ಎದ್ದು ಕಾಣುತ್ತವೆ; ಜಿರಲೆಯದು ಎದೆಯ ಫಲಕದಡಿ ಅಡಗಿರುತ್ತದೆ. ಜೀರುಂಡೆ ಸುಮಾರು 4 ಸೆಂಟಿಮೀಟರು ಬೆಳೆಯುತ್ತದೆ, ಜಿರಲೆ ಅದಕ್ಕಿಂತ ಚಿಕ್ಕದು; ಆದರೆ ಪಕ್ಕದಲ್ಲಿ ಅಳತೆಕೋಲಿಲ್ಲದ ಛಾಯಾಚಿತ್ರವು ಇದನ್ನು ಹೇಳದು.

ಕೆಣಕಿದರೆ ಜೀರುಂಡೆಯು ಫಾರ್ಮಿಕ್ ಆಮ್ಲವನ್ನು ಚಿಮ್ಮಿಸುತ್ತದೆ. ಆದಕಾರಣ ಜಿರಲೆಯು ಅದರ ವೇಷವನ್ನು ತಾಳಿ ಹಗೆಗಳಿಂದ ಪಾರಾಗುತ್ತದೆಂದು ಊಹಿಸಿದ್ದಾರೆ. ಊಹೆ ಸೊಗಸಾಗಿದೆ, ಆದರೂ ಹಕ್ಕಿ, ಓತಿಗಳ ಮುಂದೆ ಪರೀಕ್ಷಿಸಿಯೇ ಅದನ್ನು ಒಪ್ಪಬೇಕೆಂದು ನನಗೆ ತೋರುತ್ತದೆ.

ಚುಕ್ಕೆಯೇ ಇಲ್ಲದ ಕರಿಯ ನೆಲದ ಜೀರುಂಡೆಗಳ ಪಾಡು ಇನ್ನೂ ಕಷ್ಟ. ಭಾರತದ ಈ ಹುಳುಗಳನ್ನು ಕುರಿತು ಆಂಡ್ರೂಸನು 1929ರಲ್ಲಿಯೂ 1935ರಲ್ಲಿಯೂ ಎರಡು ಸಂಪುಟಗಳನ್ನು ಪ್ರಕಟಿಸಿದನು. ಕಣ್ಣಿನ ಮೇಲ್ಗಡೆಯ ಬಿರುಗೂದಲು ಒಂದೇ, ಎರಡೇ ಎಂಬುದು ಪಂಗಡಗಳನ್ನು ಬೇರ್ಪಡಿಸುವ ಗುರುತುಗಳಲ್ಲೊಂದು. ಸಾಮಾನ್ಯ ಛಾಯಾಚಿತ್ರದಲ್ಲಿ ಅದು ಮೂಡುವುದಿಲ್ಲ. ಪೆಟ್ಟಿಗೆಯಲ್ಲಿ ಸೂಜಿಗೆ ಚುಚ್ಚಿಟ್ಟ ಹಳೆಯ ಹುಳುವಿನಲ್ಲಿ ಕೂದಲು ಉದುರಿದ್ದರೂ ಅದು ನೆಟ್ಟಿದ್ದ ಗುಳಿ ಉಳಿದಿರುತ್ತದೆ. ಭೂತಗನ್ನಡಿ ಹಿಡಿದವನು ಅದನ್ನೆಣಿಸಬಹುದು.