ನಿಪ್ಪಾಣಿಯ ಘಾಟು

ಪುಣೆಯಲ್ಲಿ ಹಳಬರ ಮುಂದೆ ನನ್ನೂರು ನಿಪ್ಪಾಣಿ ಅಂದರೆ ಸಾಕು, 'ತಂಬಾಕಿನ ಊರೇನ್ರಿ?' ಅಂತಾರೆ. 1956ರವರೆಗೆ ನಮ್ಮೂರು ಮುಂಬಯಿ ರಾಜ್ಯದಲ್ಲಿತ್ತು, ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. ಗಡಿ ಬದಲಾದರೂ ಎಲೆಯ ಹೆಸರು ಎರಡೂ ಕಡೆ ಉಳಿಯಿತು.

ಪೈಪಿನ ತಂಬಾಕು ಬೇರೆ, ಇದು ಬೇರೆ. ಅದರಲ್ಲಿ ಹಲವು ಬಗೆಯ ಎಲೆ ಬೆರೆಸುತ್ತಾರೆ, ಕೆಲವಕ್ಕೆ ವೆನಿಲ್ಲಾದಂಥ ಪರಿಮಳವನ್ನೂ ಕೂಡಿಸುತ್ತಾರೆ. ನಮ್ಮದು ಬಿಸಿಲಲ್ಲಿ ಒಣಗಿದ ಎಲೆ. ಅದನ್ನು ಪುಡಿ ಮಾಡಿ, ಕಡ್ಡಿ ಬೇರ್ಪಡಿಸಿ ಬೀಡಿಗೆ ಕಳಿಸುತ್ತಾರೆ. ಪರಿಮಳ ಅಂತ ಏನಿಲ್ಲ, ಖಾರ, ಗಂಟಲು ಹಿಡಿಯುವ ಘಾಟು. ಬೀಡಿಗೆ ಸುತ್ತುವ ತೆಂಡು ಎಲೆಯೊಳಗೆ ಗಾಳಿ ಸರಿಯಾಗಿ ಆಡೋದಿಲ್ಲ. ಮೇಲಿಂದ ಮೇಲೆ ದಮ್ಮು ಎಳೀಬೇಕು, ಇಲ್ಲಾಂದ್ರೆ ಆರಿಹೋಗುತ್ತೆ. ಬೀಡಿ ಚಿಕ್ಕದು ಅಂತ ನೀವು ಹಗುರ ತಿಳೀಬೇಡಿ. ಆ ದಮ್ಮಿನ ಜೊತೆಗೇ ನಿಕೋಟಿನ್, ಟಾರು ಒಳಗಿಳಿಯುತ್ತವೆ.

ಈ ಖಾರಕ್ಕೆ ಬೆಲೆ ತೆತ್ತವರು ಸೇದುವವರಷ್ಟೇ ಅಲ್ಲ. 1981ರಲ್ಲಿ ನ್ಯಾಯವಾದ ದರ ಕೇಳಿ ತಂಬಾಕು ರೈತರು ಶರದ್ ಜೋಶಿಯವರ ಮುಂದಾಳತ್ವದಲ್ಲಿ ಪುಣೆ-ಬೆಂಗಳೂರು ಹೆದ್ದಾರಿ ಹಿಡಿದು ಕೂತರು. ಪೊಲೀಸರ ಗೋಲಿಬಾರಿನಲ್ಲಿ ರೈತರು ಪ್ರಾಣ ಕಳೆದುಕೊಂಡರು. ಅದೇ ಕಾಲಕ್ಕೆ ಕಾರ್ಖಾನೆಗಳಲ್ಲಿ ತಂಬಾಕಿನ ಧೂಳು ಕುಡಿಯುತ್ತ ದುಡಿಯುತ್ತಿದ್ದ ಹೆಣ್ಣುಮಕ್ಕಳು ಸಂಘ ಕಟ್ಟಿ ಕೂಲಿ, ಮರ್ಯಾದೆ ಎರಡನ್ನೂ ಕೇಳಿದರು. ಅವರ ಹೋರಾಟದ ಮೇಲೆ ದೀಪಾ ಧನರಾಜ್ ಮತ್ತು ಗೆಳತಿಯರ ಯುಗಾಂತರ ಬಳಗ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು.

ನಿಪ್ಪಾಣಿಯವನು ಅಂತ ಹೇಳಿಕೊಳ್ಳುವಾಗ ನನಗೆ ಹೆಮ್ಮೆ ಅನಿಸೋದು ಎಲೆಗಿಂತ ಹೆಚ್ಚಾಗಿ ಆ ಹೆಣ್ಣುಮಕ್ಕಳ ಸಂಘದಿಂದ.